ದುಡಿಯುವವರ ಬಿಡುವಿನ ವೇಳೆಗೆ ತರಬೇತಿ ಬರಲಿ: ಮಹಾರಾಷ್ಟ್ರದ ಕೌಶಲ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರು,
ಕೌಶಲ್ಯ, ಉದ್ಯೋಗ, ಉದ್ಯಮಶೀಲತೆ ಮತ್ತು ನಾವೀನ್ಯ ಖಾತೆ,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ.

ಮಾನ್ಯರೇ,

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ಶಿಕ್ಷಕ ನಾನು. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಇದು ಯಾರ ಕುರಿತದ್ದೋ ಅವರೂ ಅವರಿಗೆ ಕೆಲಸ ಕೊಟ್ಟವರೂ ಓದಲೆಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ನಾಳಿನ ಉದ್ಯೋಗಗಳಿಗೆ ಬೇಕಾದ ತರಬೇತಿಯು ಈಗಾಗಲೇ ದುಡಿಯುತ್ತಿರುವ ಯುವಜನರಿಗೆ ಅವರ ಬಿಡುವಿನ ಹೊತ್ತಿನಲ್ಲಿ, ಅವರು ಇರುವಲ್ಲಿಗೆ ಹತ್ತಿರದಲ್ಲೇ ದೊರೆಯಬೇಕು.

ತಮ್ಮ ಸರ್ಕಾರ ಈ ದಿಕ್ಕಿನಲ್ಲಿ ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ರಾಜ್ಯಕ್ಕೆ ಕೌಶಲ್ಯಕ್ಕಾಗಿಯೇ ಒಂದು ವಿಶ್ವವಿದ್ಯಾಲಯವಿದೆ. 2023ರ ಅಕ್ಟೋಬರಿನಲ್ಲಿ ಗ್ರಾಮೀಣ ಭಾಗದಲ್ಲಿ 511 ಕೌಶಲ್ಯ ಕೇಂದ್ರಗಳು ಆರಂಭವಾದವು. 2024ರ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ತಿಂಗಳಿಗೆ 6,000, ಐಟಿಐ ಅಥವಾ ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ವಿದ್ಯಾವೇತನ ಗೊತ್ತುಮಾಡಲಾಯಿತು. ಆದರೆ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ದುಡಿಮೆಗೆ ಇಳಿದವನು ಆ ಯೋಜನೆಯ ಹೊಸ್ತಿಲನ್ನೂ ತುಳಿಯಲಾರ. ಅವನು ಐಟಿಐ ಸೇರಬೇಕೆಂದರೆ ಹಗಲಿನ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಊರಿಗೆ ಕಳುಹಿಸುವ ಹಣ ನಿಲ್ಲುತ್ತದೆ.

ಹೋಟೆಲ್ ಕಾರ್ಮಿಕನೊಬ್ಬನ ದಿನವನ್ನು ತಾವು ಒಮ್ಮೆ ಗಮನಿಸಬೇಕು. ಕುಂದಾಪುರ, ಬೈಂದೂರಿನ ಕಡೆಯಿಂದಲೋ ವಿಜಯಪುರ, ಕಲಬುರಗಿಯ ಕಡೆಯಿಂದಲೋ ಬಂದ ಇಪ್ಪತ್ತರ ಹುಡುಗ ಬೆಳಗಿನ ಮೊದಲ ಘಾಣ ಇಡ್ಲಿ ಇಳಿಯುವ ಮುಂಚೆಯೇ ಎದ್ದಿರುತ್ತಾನೆ. ಮಧ್ಯಾಹ್ನದ ಊಟದ ಗಿರಾಕಿಗಳು ಖಾಲಿಯಾದ ಮೇಲೆ, ಸುಮಾರು ಮೂರು ಗಂಟೆಗೆ, ಅವನಿಗೆ ಎರಡು ತಾಸು ಬಿಡುವು. ಐದಕ್ಕೆ ಮತ್ತೆ ಹಾಜರಾದರೆ ಕೈ ತೊಳೆಯುವುದು ರಾತ್ರಿ ಹನ್ನೊಂದರ ನಂತರ. ಅವನ ಕಣ್ಣೆದುರೇ ಕೆಲಸದ ರೂಪ ಬದಲಾಗುತ್ತಿದೆ. ಕ್ಯಾಪ್ಟನ್ ಬರೆದುಕೊಳ್ಳುತ್ತಿದ್ದ ಆರ್ಡರನ್ನು ಈಗ ಗಿರಾಕಿಯೇ ಮೇಜಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಳುಹಿಸುತ್ತಾನೆ, ಹಣ ಗಲ್ಲೆಗೆ ಬರುವ ಬದಲು ಫೋನಿನಲ್ಲಿ ಜಮೆಯಾಗುತ್ತದೆ, ಊಟ ಪಾರ್ಸಲ್ ಆಗಿ ಡೆಲಿವರಿ ಹುಡುಗನ ಬೆನ್ನೇರುತ್ತದೆ. ಅದೇ ಹೋಟೆಲಿನಲ್ಲಿ ಹೊಸ ಕೆಲಸಗಳೂ ಹುಟ್ಟಿವೆ: ಬಿಲ್ಲಿಂಗ್ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ನೋಡಿಕೊಳ್ಳುವವರು ಬೇಕು, ಶೀತಲ ಯಂತ್ರಗಳ ರಿಪೇರಿ ಬಲ್ಲವರು ಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರತಿ 25 ಮಂದಿ ಆಹಾರ ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಬೇಕು. ಈ ಕೆಲಸಗಳಿಗೆ ಹೊರಗಿನವರು ಬರುತ್ತಾರೆ. ಹತ್ತು ವರ್ಷದಿಂದ ಒಳಗಿದ್ದವನು ಟ್ರೇ ಹಿಡಿದುಕೊಂಡೇ ಉಳಿಯುತ್ತಾನೆ.

ಈ ನಗರದ ಕನ್ನಡಿಗರು ಇಂಥ ಸಮಸ್ಯೆಗೆ ಹಿಂದೊಮ್ಮೆ ಉತ್ತರ ಕಂಡುಕೊಂಡಿದ್ದರು. ಹಗಲು ಕಪ್ಪುಬಸಿ ತೊಳೆದ ಹುಡುಗರು ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಬ್ಯಾಂಕು, ಅಂಚೆ, ರೈಲ್ವೆಗಳಲ್ಲಿ ಗುಮಾಸ್ತರಾದರು. ಕೆಲವರು ವಕೀಲರೂ ಹೋಟೆಲ್ ಮಾಲೀಕರೂ ಆದರು. ಅಂದಿನ ಕಾಲಕ್ಕೆ ನಾಳಿನ ಉದ್ಯೋಗವೆಂದರೆ ಗುಮಾಸ್ತಿಕೆಯೇ ಆಗಿತ್ತು. ವರ್ಲ್ಡ್ ಎಕನಾಮಿಕ್ ಫೋರಮ್ 2025ರ ಜನವರಿಯಲ್ಲಿ ಹೊರತಂದ ವರದಿಯು ಅತಿ ವೇಗವಾಗಿ ಕುಗ್ಗಲಿರುವ ಕೆಲಸಗಳೆಂದು ಹೆಸರಿಸಿರುವುದು ಅಂಚೆ ಗುಮಾಸ್ತರು, ಬ್ಯಾಂಕಿನ ಕೌಂಟರ್ ಸಿಬ್ಬಂದಿ, ಕ್ಯಾಷಿಯರ್‌ಗಳು, ಡೇಟಾ ಎಂಟ್ರಿ ಮಾಡುವವರನ್ನೇ. ಜಗತ್ತಿನ ಕಾರ್ಮಿಕರು 100 ಮಂದಿ ಎಂದಿಟ್ಟುಕೊಂಡರೆ 2030ರೊಳಗೆ ಅವರಲ್ಲಿ 59 ಮಂದಿಗೆ ತರಬೇತಿ ಬೇಕಾಗುತ್ತದೆ, ಅದು ಸಿಗುವ ಸಂಭವವಿಲ್ಲದವರು 11 ಮಂದಿ ಎಂದೂ ಆ ವರದಿ ಹೇಳುತ್ತದೆ. ನಾನು ಬರೆಯುತ್ತಿರುವುದು ಆ ಹನ್ನೊಂದು ಮಂದಿಯ ಪರವಾಗಿ.

ಹೀಗೆ ತರಬೇತಿಯಿಲ್ಲದೆ ಹಿಂದುಳಿದವರ ಗತಿ ಏನಾಗುತ್ತದೆಂದು ಮುಂಬಯಿಗೆ ಯಾರೂ ಹೇಳಿಕೊಡಬೇಕಿಲ್ಲ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಗಿರಣಿಗಳು ಮುಚ್ಚಿದ ಮೇಲೆ ಲೋವರ್ ಪರೇಲಿನ ಆ ನೆಲದಲ್ಲಿ ಮಾಲ್‌ಗಳೂ ಕಚೇರಿಗಳೂ ಎದ್ದವು. ಮಗ್ಗದ ಕೆಲಸ ಬಲ್ಲ ಎಷ್ಟೋ ಮಂದಿ ಕಾವಲುಗಾರರಾಗಿ, ತಳ್ಳುಗಾಡಿಯವರಾಗಿ ಬಾಳು ಸವೆಸಿದರು. ಹೊಸ ಕೆಲಸ ಅವರ ಬೀದಿಗೇ ಬಂದಿತ್ತು, ಅದಕ್ಕೆ ಬೇಕಾದ ವಿದ್ಯೆಯನ್ನು ಮಾತ್ರ ಯಾರೂ ಕೊಡಲಿಲ್ಲ.

ಈಗ ಮಾಡಬಹುದಾದದ್ದು ದುಬಾರಿಯೇನಲ್ಲ. ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮಕ್ಕಳ ಸಂಖ್ಯೆ ಇಳಿದು ಹಗಲಿನಲ್ಲೇ ಬೀಗ ಬಿದ್ದಿರುವ ಕೋಣೆಗಳನ್ನು ಪಾಲಿಕೆಯಿಂದ ಕೇಳಿ ಪಡೆದು ಅಲ್ಲಿ ಸಣ್ಣ ಕಾರ್ಯಾಗಾರಗಳನ್ನು ತೆರೆಯಿರಿ, ವೇಳೆಯನ್ನು ಮಧ್ಯಾಹ್ನ ಮೂರರಿಂದ ಐದಕ್ಕೆ ಇಡಿರಿ. ಬೆಳಗಿನ ಮನೆಗಳ ಕೆಲಸ ಮುಗಿಸಿದ ಮನೆಗೆಲಸದ ಹೆಣ್ಣುಮಕ್ಕಳಿಗೂ ಅದೇ ಬಿಡುವಿನ ಹೊತ್ತು, ಅವರಿಗೆ ವೃದ್ಧರ ಮತ್ತು ರೋಗಿಗಳ ಆರೈಕೆಯ ತರಬೇತಿ ಕೊಟ್ಟರೆ ಕೂಡಲೇ ಉಪಯೋಗಕ್ಕೆ ಬರುತ್ತದೆ. ಕಲಿತ ತಾಸುಗಳನ್ನು ಲೆಕ್ಕಹಿಡಿದು ಕಲಿತವನ ಹೆಸರಿಗೆ ಕ್ರೆಡಿಟ್ ಆಗಿ ಜಮೆ ಮಾಡುವ, 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ತಾಸಿನ ಕಲಿಕೆಗೆ ಒಂದು ಕ್ರೆಡಿಟ್ ಇದೆ. ದಿನಕ್ಕೆ ಎರಡು ತಾಸಿನಂತೆ ಹದಿನೈದು ದಿನ ಬಂದವನಿಗೆ ಒಂದು ಕ್ರೆಡಿಟ್ ಕೈಸೇರುವಂತೆಯೂ, ಊರಿಗೆ ಹೋಗಿ ಬಂದರೂ ಅದು ವ್ಯರ್ಥವಾಗದಂತೆಯೂ ಪಠ್ಯವನ್ನು ಸಣ್ಣ ಭಾಗಗಳಾಗಿ ಹೊಂದಿಸಬಹುದು. ಅಡುಗೆಯಲ್ಲಿ, ವೈರಿಂಗ್‌ನಲ್ಲಿ ಈಗಾಗಲೇ ಪಳಗಿದವರಿಗೆ ಪೂರ್ವ ಕಲಿಕೆಯ ಮಾನ್ಯತೆಯಡಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಯೋಜನೆಯಲ್ಲೇ ಇದೆ, ಪರೀಕ್ಷಕರು ಆ ಕೋಣೆಗಳಿಗೇ ಬರಲಿ. ಭಾಷೆಯ ತೊಡಕಿಗೂ ಪರಿಹಾರ ಕಷ್ಟವಲ್ಲ. ಚೆನ್ನೈನ ರಾಷ್ಟ್ರೀಯ ಸಂಸ್ಥೆ ನಿಮಿ ಐಟಿಐ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತದೆ. ಮರಾಠಿ ಮಾತನಾಡಬಲ್ಲ, ಆದರೆ ಓದಿ ಅರ್ಥಮಾಡಿಕೊಳ್ಳಲು ತಿಣುಕುವ ಹುಡುಗರಿಗೆ ಅದು ದೊಡ್ಡ ಆಸರೆ.

ಯುವ ಪ್ರಶಿಕ್ಷಣ ಯೋಜನೆಯ ಕನಿಷ್ಠ ಅರ್ಹತೆಯನ್ನು ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರ ಮಟ್ಟಿಗಾದರೂ ಸಡಿಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹೋಟೆಲ್ ಮಾಲೀಕರಿಗೂ ಇಲ್ಲೇ ಒಂದು ಮಾತು: ತಮ್ಮಲ್ಲಿ ಅನೇಕರು ರಾತ್ರಿಶಾಲೆಯಲ್ಲಿ ಕಲಿತೇ ಮೇಲೆ ಬಂದವರು. ಆ ಎರಡು ತಾಸಿನಲ್ಲಿ ಹುಡುಗರಿಗೆ ಬೇರೆ ಕೆಲಸ ಹೇಳದೆ ಕಲಿಯಲು ಕಳುಹಿಸಿಕೊಡಿ.

ಮುಂದಿನ ಐಟಿಐ ಪ್ರವೇಶ ಆರಂಭವಾಗುವ ಮುನ್ನ ವಡಾಲ ಅಥವಾ ಮಾಟುಂಗದ ಸುತ್ತಿನ ಒಂದು ಪಾಲಿಕೆ ಶಾಲೆಯಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಬೇಕೆಂದೂ, ಈ ಕುರಿತು ಪಾಲಿಕೆಯ ಶಿಕ್ಷಣ ವಿಭಾಗದೊಡನೆ ತಮ್ಮ ಖಾತೆಯ ಅಧಿಕಾರಿಗಳ ಸಭೆ ಕರೆಯಬೇಕೆಂದೂ ವಿನಂತಿಸುತ್ತೇನೆ. ಆ ಸಭೆಗೆ ಕರೆದರೆ ಬರಲು, ತರಗತಿ ಆರಂಭವಾದರೆ ಸಂಬಳವಿಲ್ಲದೆ ಪಾಠ ಹೇಳಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಾತ್ರಿಶಾಲಾ ಶಿಕ್ಷಕ, ಮುಂಬಯಿ