ಗಾಯ ಹೇಗಾಯಿತೆಂದು ಗೊತ್ತಿಲ್ಲ ಅಂದರೆ ಹೆತ್ತವರೇ ಅಪರಾಧಿಗಳಾ?

ಸಂಪಾದಕರಿಗೆ ನಮಸ್ಕಾರ,

2021ರಲ್ಲಿ ಬರ್ಲಿನ್‌ನಲ್ಲಿದ್ದ ಭಾರತೀಯ ದಂಪತಿಯ ಏಳು ತಿಂಗಳ ಮಗುವನ್ನು, ಗಾಯ ಕಂಡಿತೆಂದು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ಕರೆದೊಯ್ದಿತು. ಮರುವರ್ಷ ಪೊಲೀಸ್ ಕೇಸು ಆರೋಪಪಟ್ಟಿ ಇಲ್ಲದೆ ಮುಗಿಯಿತು. ಆದರೂ 2023ರಲ್ಲಿ ಕೋರ್ಟು ಮಗುವನ್ನು ವಾಪಸ್ ಕೊಡಲಿಲ್ಲ. ಆ ಸುದ್ದಿ ಓದಿದಾಗಲೆಲ್ಲ ನನ್ನ ಹೊಟ್ಟೆ ಚುರ್ ಅನ್ನುತ್ತದೆ.

ಇಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಮಗ ಹತ್ತು ತಿಂಗಳವನಿದ್ದಾಗ ಕಾಲು ಊದಿಕೊಂಡಿತು, ಎಕ್ಸ್‌ರೇ ತೆಗೆಸಿದರೆ ಮೂಳೆ ಬಿರುಕು ಬಿಟ್ಟಿತ್ತು, ಎಲ್ಲಿ ಬಿದ್ದ ಅಂತ ಡಾಕ್ಟರು ಕೇಳಿದರೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ನನ್ನನ್ನೂ ಗಂಡನನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಭಯಕ್ಕೆ ನನಗೆ ಬರುತ್ತಿದ್ದ ಅಷ್ಟಿಷ್ಟು ಮರಾಠಿಯೂ ಮರೆತುಹೋಯಿತು. ರಕ್ತ ಪರೀಕ್ಷೆ ಆದ ಮೇಲೆ ಗೊತ್ತಾಯಿತು, ವಿಟಮಿನ್ ಡಿ ತೀರಾ ಕಡಿಮೆ, ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗುವ ಕಾಯಿಲೆ.

ಡಾಕ್ಟರು ಕೇಳಿದ್ದು ತಪ್ಪಲ್ಲ. ಮನೆಯೊಳಗೇ ಏಟು ತಿನ್ನುವ ಮಕ್ಕಳು ನಿಜಕ್ಕೂ ಇದ್ದಾರೆ, ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲೇಬೇಕು. ಆದರೆ ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಕೂಡ ಇವೆ ಅಲ್ವಾ? ಅವನ್ನೂ ಜೊತೆಗೇ ಪರೀಕ್ಷಿಸಲಿ. ನಮ್ಮ ಕಾನೂನಿನಂತೆ ರಕ್ಷಣೆಗೆ ತೆಗೆದುಕೊಂಡ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಆ ಹೊತ್ತಿಗೆ ಮೂಳೆ ಬಲ್ಲ ಮಕ್ಕಳ ಡಾಕ್ಟರೊಬ್ಬರು, ತಾಯಿಯ ಭಾಷೆ ಗೊತ್ತಿರುವವರೊಬ್ಬರು ಅಲ್ಲಿರಲಿ.

– ಒಬ್ಬ ತಾಯಿ, ಡೊಂಬಿವಲಿ