ಗುಂಡಿ ತೋರಿಸಿದರೆ ಸಾಲದು, ಪಾಠ ಮಾಡಿ ತೋರಿಸಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ಕೊಟ್ಟ ದೊಡ್ಡ ಟಚ್ ಪರದೆಗಳು ಧೂಳು ತಿನ್ನುತ್ತಿವೆ, ಶಿಕ್ಷಕರಿಗೆ ಕಲಿಯುವ ಮನಸ್ಸಿಲ್ಲ ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಧೂಳಿನ ಮಾತು ನಿಜ. ನಮ್ಮ ತರಗತಿಯ ಪರದೆಗೆ ನಾನೇ ಎಂಟು ತಿಂಗಳು ಹಳೇ ಸೀರೆ ಹೊದಿಸಿಟ್ಟಿದ್ದೆ. ಮನಸ್ಸಿನ ಮಾತನ್ನು ಮಾತ್ರ ಒಪ್ಪಲಾರೆ.

ಮುಂಬೈಯಲ್ಲಿ 26 ವರ್ಷದಿಂದ ಕನ್ನಡ ಮಾಧ್ಯಮದಲ್ಲಿ ಕಲಿಸುತ್ತಿದ್ದೇನೆ. ಈಗ ಆರನೇ ತರಗತಿ. ಮಕ್ಕಳಲ್ಲಿ ಜಾಸ್ತಿ ಜನ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಪರದೆ ಬಂದಾಗ ನಮಗೆ ಎರಡು ಗಂಟೆ ತರಬೇತಿ ಕೊಟ್ಟರು. ಒಂದು ಹಾಲ್, ಅರವತ್ತು ಶಿಕ್ಷಕರು, ಒಂದೇ ಪರದೆ. ಪರದೆ ಮಾರುವ ಕಂಪನಿಯಿಂದ ಬಂದ ಹುಡುಗ ಚುರುಕಾಗಿಯೇ ಇದ್ದ. ಹಿಂದಿಯಲ್ಲಿ ಪಟಪಟ ಎಂದು ಎಲ್ಲ ಗುಂಡಿ ತೋರಿಸಿದ. ಕನ್ನಡ ಕೀಬೋರ್ಡ್ ಎಲ್ಲಿದೆ ಎಂದು ಕೇಳಿದೆ. ಆಮೇಲೆ ನೋಡೋಣ ಮೇಡಂ ಅಂದ. ಆಮೇಲೆ ಚಹಾ ಬಂತು, ಹಾಜರಿ ಸಹಿ ಆಯ್ತು, ಮನೆಗೆ ಬಂದೆವು.

ಅದಾದ ಮೇಲೆ ನಾನು ಮಾಡಿದ್ದು ವಿಡಿಯೊ ಹಾಕುವುದೊಂದೇ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು, ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು. ಮಕ್ಕಳು ಸುಮ್ನೆ ಕೂತಿರುತ್ತಿದ್ದರು. ಶಿಸ್ತು ಬಂತು ಅಂತ ಖುಷಿಪಟ್ಟೆ. ಮರುದಿನ ಪ್ರಶ್ನೆ ಕೇಳಿದರೂ ಸುಮ್ನೆ! ಮಳೆಗಾಲದಲ್ಲಿ ನೆಟ್ ಕೈಕೊಟ್ಟಿತು, ಸೀರೆ ಹೊದಿಸಿದೆ.

ಅದನ್ನು ತೆಗೆಸಿದ್ದು ನಮ್ಮದೇ ಕಟ್ಟಡದ ಮರಾಠಿ ವಿಭಾಗದ ಶಿಕ್ಷಕಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಒಂದು ಪಿರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, "ಬಾಯಿ (ಮರಾಠಿಯಲ್ಲಿ ಟೀಚರ್), ವಿಡಿಯೊ ಬಿಡಿ, ಮಕ್ಕಳ ವಹಿ (ನೋಟ್‌ಬುಕ್) ತೋರಿಸಿ" ಅಂದಳು. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಸ್ಕೇಲ್ ಇಟ್ಟು, ಅದರ ಮೇಲೆ ನನ್ನ ಫೋನ್ ಮಲಗಿಸಿ, ಕೆಳಗೆ ಒಂದು ನೋಟ್‌ಬುಕ್ ತೆರೆದಿಟ್ಟಳು. ಫೋನಿನ ಹಾಟ್‌ಸ್ಪಾಟ್‌ಗೆ ಪರದೆಯನ್ನು ಜೋಡಿಸಿ, ಫೋನಿನ ಕ್ಯಾಮೆರಾದಲ್ಲಿ ಕಾಣುವುದೆಲ್ಲ ಪರದೆ ಮೇಲೂ ಕಾಣುವಂತೆ ಮಾಡಿದಳು. ಅಷ್ಟೇ.

ಪರದೆ ತುಂಬ ಒಬ್ಬ ಹುಡುಗನ ಲೆಕ್ಕ: 1/2 + 1/3 = 2/5. ಅವನ ಒಪ್ಪಿಗೆ ಕೇಳಿಯೇ ತೋರಿಸಿದ್ದು. ಹೆಸರು ಮುಚ್ಚಿದರೂ ಅಕ್ಷರ ನೋಡಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಅದು ಬೇರೆ ಮಾತು. ಇನ್ನೂ ಏಳು ಮಕ್ಕಳು ಹಾಗೇ ಬರೆದಿದ್ದರು. ನಾನು ಛೇದ ಸಮ ಮಾಡುವ ನಿಯಮ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊನೇ ಬೆಂಚಿನ ಹುಡುಗಿ ಎದ್ದಳು. "ಅರ್ಧ ರೊಟ್ಟಿಗೆ ಮತ್ತಷ್ಟು ರೊಟ್ಟಿ ಕೂಡಿಸಿದ್ರ ಅರ್ಧಕ್ಕಿಂತ ಕಮ್ಮಿ ಹ್ಯಾಂಗ ಆಗ್ತದ್ರಿ ಟೀಚರ್?" ಐದರಲ್ಲಿ ಎರಡು ಪಾಲು ಅರ್ಧಕ್ಕಿಂತ ಕಮ್ಮಿ ಅಲ್ವಾ! ಇಷ್ಟು ವರ್ಷದಲ್ಲಿ ಈ ತಪ್ಪನ್ನು ನಾನು ಹೀಗೆ ತಿದ್ದಿರಲಿಲ್ಲ.

ಆಮೇಲೆ ಕನ್ನಡ ಕೀಬೋರ್ಡ್ ಕೂಡ ಸಿಕ್ಕಿತು, ಹುಡುಕಿಕೊಟ್ಟವರು ಮಕ್ಕಳೇ. ಈಗ ಮಾತನಾಡಿ ಟೈಪ್ ಮಾಡಿಸುತ್ತೇನೆ. ನಾನು "ಧನ" ಅಂದರೆ ಪರದೆ "ದನ" ಎಂದು ಬರೆಯಿತು. ಕ್ಲಾಸೆಲ್ಲ ನಕ್ಕಿತು. ತಪ್ಪು ಯಂತ್ರದ್ದೋ, ನನ್ನ ನಾಲಿಗೆಯದೋ ಎಂಬ ಜಗಳದಲ್ಲೇ ಮಹಾಪ್ರಾಣದ ಪಾಠ ಆಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಆಗಬೇಕು. ಅದರಲ್ಲಿ ಹತ್ತು ಗಂಟೆಯನ್ನಾದರೂ ಹಾಲ್‌ನಿಂದ ತರಗತಿಗೆ ತನ್ನಿ ಎಂಬುದು ನನ್ನ ಕೋರಿಕೆ. ಒಬ್ಬ ಶಿಕ್ಷಕಿ ಇನ್ನೊಬ್ಬರ ಪಾಠದಲ್ಲಿ ಕೂರಲಿ, ತಿಂಗಳು ಬಿಟ್ಟು ಮತ್ತೊಮ್ಮೆ ಬರಲಿ. ಅದೇ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ರಣಜಿತ್‌ಸಿಂಹ ಡಿಸಳೆ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಹಾಕಿ ಹೆಸರಾದವರು. ಅವರೂ ಆಗ ಸೋಲಾಪುರ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಮೇಷ್ಟ್ರೇ ಆಗಿದ್ದರು, ಪರದೆ ಮಾರುವವರಲ್ಲ. ಮಾರುವವರು ಕನ್ನಡ ಕೀಬೋರ್ಡ್ ಹಾಕಿಕೊಟ್ಟರೆ ಸಾಕು.

ಆ ಓದುಗರು ಯಾವುದಾದರೂ ಶನಿವಾರ ನಮ್ಮ ಗಣಿತದ ಪಿರಿಯಡ್‌ಗೆ ಬರಲಿ. ನೆಟ್ ಇರುತ್ತದೆ ಎಂದು ಮಾತು ಕೊಡಲಾರೆ. ತಪ್ಪು ಲೆಕ್ಕದ ವಹಿಗಳು ಬೇಕಾದಷ್ಟಿವೆ.

— ಒಬ್ಬ ಕನ್ನಡ ಮಾಧ್ಯಮ ಶಿಕ್ಷಕಿ, ವಡಾಲ, ಮುಂಬೈ