ಮಾನಸಿಕ ಒತ್ತಡ ಮತ್ತು ಆಟಗಾರರ ಮೊಣಕಾಲು: ತರಬೇತುದಾರ ಸದಸ್ಯರ ಗಮನಕ್ಕೆ

ಮಾನ್ಯರೇ,

ಪರೀಕ್ಷೆ, ತಂಡದ ಆಯ್ಕೆ ಅಥವಾ ಮನೆಯ ಚಿಂತೆಯನ್ನು ಹೊತ್ತು ಮೈದಾನಕ್ಕಿಳಿಯುವ ಫುಟ್‌ಬಾಲ್ ಆಟಗಾರರ ಗಮನದ ವ್ಯಾಪ್ತಿ ಕುಗ್ಗುತ್ತದೆ, ಸ್ನಾಯುಗಳು ಬಿಗಿಯುತ್ತವೆ ಎಂಬುದನ್ನು ಕ್ರೀಡಾ ಮನೋವಿಜ್ಞಾನಿಗಳಾದ ಆಂಡರ್ಸನ್ ಮತ್ತು ವಿಲಿಯಮ್ಸ್ 1988ರಲ್ಲಿ ಮಂಡಿಸಿದ ಒತ್ತಡ–ಗಾಯ ಮಾದರಿ ವಿವರಿಸುತ್ತದೆ. ಇಂಥ ಸ್ಥಿತಿಯಲ್ಲಿ ಹೆಡರ್‌ಗೆ (ಚೆಂಡನ್ನು ತಲೆಯಿಂದ ಹೊಡೆಯಲು) ಜಿಗಿದು ಒಂಟಿಕಾಲಿನ ಮೇಲೆ ಇಳಿಯುವಾಗ, ಅಥವಾ ಓಡುತ್ತಲೇ ಥಟ್ಟನೆ ದಿಕ್ಕು ಬದಲಿಸುವಾಗ, ಮೊಣಕಾಲು ಸಾಕಷ್ಟು ಮಡಚದೆ ಒಳಕ್ಕೆ ವಾಲಿದರೆ ಮೊಣಕಾಲಿನೊಳಗೆ ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆಯನ್ನು ಬಿಗಿಹಿಡಿಯುವ ಎಸಿಎಲ್ ಅಸ್ಥಿರಜ್ಜು ಅಪಾಯಕರ ಎಳೆತಕ್ಕೆ ಸಿಲುಕುತ್ತದೆ. ಈ ಗಾಯಗಳಲ್ಲಿ ಬಹುಪಾಲು ಮೊಣಕಾಲಿಗೆ ನೇರ ಪೆಟ್ಟು ಬೀಳದೆಯೇ, ಪಾದ ನೆಲ ತಾಗಿದ ಸುಮಾರು 50 ಮಿಲಿಸೆಕೆಂಡುಗಳೊಳಗೆ ಸಂಭವಿಸುವುದರಿಂದ, ಯೋಚಿಸಿ ತಿದ್ದಿಕೊಳ್ಳಲು ಯಾರಿಗೂ ಸಮಯವಿರುವುದಿಲ್ಲ. ದೇಹ ಮೊದಲೇ ಸಿದ್ಧವಾಗಿರಬೇಕು.

ಆದ್ದರಿಂದ ಅಭ್ಯಾಸಕ್ಕೆ ಮುನ್ನ ಪ್ರತಿಯೊಬ್ಬರ ನಿದ್ರೆ, ಮನಸ್ಥಿತಿಗಳನ್ನು ವಿಚಾರಿಸಿ, ಬಳಲಿದವರಿಗೆ ಆ ದಿನ ಜಿಗಿತ ಮತ್ತು ತಿರುವಿನ ಅಭ್ಯಾಸಗಳನ್ನು ಕಡಿಮೆ ಮಾಡಬೇಕೆಂದು ವಿನಂತಿಸುತ್ತೇನೆ. ಚಿಂತೆ ಹೇಳಿಕೊಂಡ ಮಗುವನ್ನು ದುರ್ಬಲವೆಂದು ಹಳಿಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಗಾಯ ತಡೆಗೆಂದು ರೂಪಿಸಿದ ಫಿಫಾ 11+ ವಾರ್ಮ್-ಅಪ್ ವಾರಕ್ಕೆ ಎರಡು ಬಾರಿಯಾದರೂ ತಪ್ಪದೆ ನಡೆಯಲಿ.